ಮಾಳಿಗೆಯ ಮೇಲೆ ನಿಂತವರಿಗೆ ಚಿತ್ರ ಕಾಣುವುದಿಲ್ಲ

ಇವತ್ತು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಗೆಂದು ಈರುಳ್ಳಿ ಹೆಚ್ಚುತ್ತಿದ್ದೆ. ಪಡಸಾಲೆಯ ಕಡೆಯಿಂದ ರಾಳದ ಹೊಗೆ ತೇಲಿ ಬಂತು. ಕಾದ ಬೆಸುಗೆ ಕಡ್ಡಿಯ ತುದಿ ತಗುಲಿ ರಾಳ ಕರಗಿದಾಗ ಏಳುತ್ತದಲ್ಲ, ಆ ಹೊಗೆ. ಅದರ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಲೋಬಾನದಷ್ಟು ಚೆನ್ನಾಗಿಲ್ಲ, ಸುಟ್ಟ ರಬ್ಬರಿನಷ್ಟು ಕೆಟ್ಟದ್ದೂ ಅಲ್ಲ. ಇಣುಕಿ ನೋಡಿದರೆ ನಮ್ಮವರು ಪಕ್ಕದ ಮನೆಯವರ ಹಳೇ ರೇಡಿಯೊ ಬಿಚ್ಚಿಕೊಂಡು ಕುಳಿತಿದ್ದರು. ಅಂಗಡಿ ಮುಚ್ಚಿ ಬಹಳ ವರ್ಷಗಳಾದವು. ಕೈ ಮಾತ್ರ ಇನ್ನೂ ಸುಮ್ಮನಿರಲು ಕಲಿತಿಲ್ಲ.

ಗಂಡನ ಕಸುಬಿನ ವಾಸನೆ ಹೆಂಡತಿಗೆ ಹಿತವಾಗಿರಬೇಕು ಅನ್ನುತ್ತಾರೆ. ನನಗೆ ಹಾಗಿಲ್ಲ. ಆ ಹೊಗೆ ಮೂಗಿಗೆ ತಾಕಿದರೆ ಇಂದಿಗೂ ಕೈಯಲ್ಲಿನ ಕೆಲಸ ಬಿಟ್ಟು, ಅವರು ಅಲ್ಲೇ ಇದ್ದಾರೋ ಎಂದು ಇಣುಕುತ್ತೇನೆ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮೂರನೇ ತರಗತಿಯ ಮಕ್ಕಳಿಗೆ ಪಾಠ ಹೇಳಿಯೇ ಆಯುಷ್ಯ ಕಳೆದವಳು ನಾನು. ಒಂದು ಮಾತಿಗೆ ನಾಲ್ಕು ಉದಾಹರಣೆ ಕೊಡದೆ ಮುಂದೆ ಹೋಗುವ ಅಭ್ಯಾಸವಿಲ್ಲ.

ನಾನು ಹಡಗಲಿಯವಳು. ಮದುವೆಯಾಗಿ ಕೊಟ್ಟೂರಿಗೆ ಬಂದಾಗ ನಮ್ಮವರದು ರೇಡಿಯೊ ರಿಪೇರಿಯ ಪುಟ್ಟ ಅಂಗಡಿ. ಆ ಹೊತ್ತಿಗೇ ನಮ್ಮ ಕಡೆ ಟೀವಿಗಳು ಬರತೊಡಗಿದ್ದವು. ಟೀವಿ ತಂದವರ ಮನೆಯ ಮೇಲೆ ಆಂಟೆನಾ ನಿಲ್ಲಬೇಕು. ಅಲ್ಯೂಮಿನಿಯಂ ಕಡ್ಡಿಗಳ ಆ ಮೀನಿನ ಮುಳ್ಳು ಮಾಳಿಗೆಯ ಮೇಲೆ ಎಷ್ಟು ಎತ್ತರ ಇದ್ದರೆ ಮನೆತನವೂ ಅಷ್ಟು ಎತ್ತರ ಎಂದು ಜನ ತಿಳಿದಿದ್ದ ಕಾಲ. ಅದನ್ನು ಯಾವ ದಿಕ್ಕಿಗೆ ತಿರುಗಿಸಬೇಕು ಎನ್ನುವುದರ ಮೇಲೆ ಹೋಟೆಲುಗಳಲ್ಲಿ ವಾದವಾಗುತ್ತಿತ್ತು. ಬಳ್ಳಾರಿ ಕಡೆ ಅಂತ ಒಂದು ಪಕ್ಷ, ದಾವಣಗೆರೆ ಕಡೆ ಅಂತ ಇನ್ನೊಂದು. ನಮ್ಮವರು ಯಾವ ಪಕ್ಷಕ್ಕೂ ಸೇರದೆ, ಮೇಲೆ ಹತ್ತಿ, ಕಂಬ ಹಿಡಿದು, ಸುತ್ತಲೂ ಒಂದು ಸಲ ತಿರುಗಿಸಿ, ಎಲ್ಲಿ ಚಿತ್ರ ನಿಂತಿತೋ ಅಲ್ಲಿ ತಂತಿ ಬಿಗಿಯುತ್ತಿದ್ದರು.

ಅವರ ಜೊತೆಗಾರ ದುರುಗಪ್ಪ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತವರು. ಬೆಳೆದ ಮೇಲೆ ಒಬ್ಬರಿಗೆ ಕಡ್ಡಿ ಜೋಡಿಸುವ ಕೆಲಸ, ಇನ್ನೊಬ್ಬನಿಗೆ ಪೈಪು ಏರಿಸುವ ಕೆಲಸ. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಕರೆದರೂ ಒಂದೇ ಸೈಕಲ್ಲಿನ ಮೇಲೆ ಬಸ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತಿದ್ದರು. ಪ್ರಸಾರ ಶುರುವಾಗುವುದೇ ಸಂಜೆ. ಹಾಗಾಗಿ ಕೆಲಸವೂ ಸಂಜೆಯೇ. ಕೆಳಗೆ ಮನೆಯವರು ಟೀವಿಯ ಮುಂದೆ ಕುಳಿತು, "ಬಂತು… ಹೋತು… ಹಾಂ ಅಲ್ಲೇ ಅಲ್ಲೇ… ಅಯ್ಯೋ ಮತ್ತ ಹೋತು" ಎಂದು ಕೂಗುತ್ತಿದ್ದರು. ಇಡೀ ಸೀಮೆಗೆ ಚಿತ್ರ ತೋರಿಸಿದ ಆ ಇಬ್ಬರೂ ತಾವು ಕುಳಿತು ಚಿತ್ರ ನೋಡಿದ್ದು ಕಡಿಮೆ. ನಮ್ಮ ಮನೆಯಲ್ಲಂತೂ ಹೊಟ್ಟೆ ಬಿಚ್ಚಿದ ಟೀವಿಗಳೇ ಹೊರತು ನೆಟ್ಟಗಿರುವುದೊಂದೂ ಇರಲಿಲ್ಲ.

ನಾನು ಮೊದಲಿನಿಂದಲೂ ಅಂಜುಬುರುಕಿ. ಆಷಾಢದ ಗಾಳಿ ಎದ್ದರೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದೆ. ಈಗ ನಮ್ಮ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ತಿರುಗುತ್ತಿವೆ, ಗಾಳಿಗೂ ಬೆಲೆ ಬಂದಿದೆ. ಆಗ ಆ ಗಾಳಿ ಅಂದರೆ ನನಗೆ ಒಂದೇ ಅರ್ಥ: ಯಾರದೋ ಮಾಳಿಗೆಯ ತುದಿಯಲ್ಲಿ ನಮ್ಮವರು ಒಂದು ಕಂಬ ಹಿಡಿದು ನಿಂತಿದ್ದಾರೆ.

ಅಂಜಿದ್ದು ಒಂದು ದಿನ ಆಗಿಯೇ ಹೋಯಿತು. ಕತ್ತಲಾದ ಮೇಲೆ ಹರಪನಹಳ್ಳಿಯಿಂದ ಬಂದ ಬಸ್ಸಿನ ಕಂಡಕ್ಟರು ನಮ್ಮ ಬಾಗಿಲಿಗೆ ಬಂದ. "ಅಕ್ಕೋರ, ನಿಮ್ಮ ಯಜಮಾನ್ರು ಹೇಳಿ ಕಳಿಸ್ಯಾರ್ರಿ. ದುರುಗಪ್ಪಗ ಕರೆಂಟ್ ಹೊಡದೈತಿ. ಹರಪನಹಳ್ಳಿ ಆಸ್ಪತ್ರ್ಯಾಗ ಅದಾನ. ಅವನ ಹೆಂಡ್ತೀನ ಕರ್ಕೊಂಡು ಲಗೂನ ಬರ್ಬೇಕಂತ." ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಮನೆಯ ಮೇಲೆ ಕಬ್ಬಿಣದ ಪೈಪು ಎತ್ತುವಾಗ ಗಾಳಿಗೆ ಅದು ವಾಲಿ, ಪಕ್ಕದಲ್ಲಿ ಹಾಯ್ದಿದ್ದ ವಿದ್ಯುತ್ ತಂತಿಗೆ ತಗುಲಿತ್ತು. ಪೈಪು ಹಿಡಿದಿದ್ದವನು ದುರುಗಪ್ಪ, ಎತ್ತು ಅಂದವರು ನಮ್ಮವರು.

ಅವನ ಹೆಂಡತಿ ಹುಲಿಗೆಮ್ಮ, ನಾನು, ಇಬ್ಬರೂ ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕುಳಿತಿದ್ದಳು. ಹರಪನಹಳ್ಳಿ ಮುಟ್ಟಿದರೆ ದುರುಗಪ್ಪನನ್ನು ಆಗಲೇ ದಾವಣಗೆರೆಗೆ ಸಾಗಿಸಿದ್ದರು. ನಾವೂ ದಾವಣಗೆರೆಗೆ ಹೋದೆವು. ಅಲ್ಲಿ ದುರುಗಪ್ಪ ಕಣ್ಣು ಮುಚ್ಚಿ ಮಲಗಿದ್ದ, ಬಲಗೈಗೆ ಭುಜದವರೆಗೆ ಪಟ್ಟಿ. ನಮ್ಮವರು ಮಾತ್ರ ಎಲ್ಲಿಯೂ ಇಲ್ಲ.

ಔಷಧಿ ತರಲು ಹೋಗಿರಬೇಕು ಅಂದುಕೊಂಡೆ. ಆಮೇಲೆ ಊಟಕ್ಕೆ ಹೋಗಿರಬೇಕು ಅಂದುಕೊಂಡೆ. ಮಾರನೇ ದಿನ ಊರಿಗೆ ಹೋಗಿರಬೇಕು ಅಂದುಕೊಂಡೆ. ಮನಸ್ಸು ಎಷ್ಟು ಸುಳ್ಳು ಹೇಳಬಲ್ಲದು ಎಂದು ನನಗೆ ಗೊತ್ತಾದದ್ದು ಆ ಆಸ್ಪತ್ರೆಯ ಮೆಟ್ಟಿಲ ಮೇಲೆ. ಹುಲಿಗೆಮ್ಮ ಕೊನೆಗೆ ಕೇಳಿಯೇಬಿಟ್ಟಳು.

"ನಿಮ್ಮ ಗಂಡ ಎಲ್ಲಿ ಅದಾನ ಅಕ್ಕೋರ? ನನ್ನ ಗಂಡನ್ನ ಹಿಂಗ ಬಿಟ್ಟು ಎಲ್ಲಿಗೆ ಹೋಗ್ಯಾನ?"

ಅವಳ ಪಕ್ಕದಲ್ಲಿ ಕುಳಿತಿರಲು ನಾಚಿಕೆ, ಎದ್ದು ಹೋಗಲು ಭಯ.

ದುರುಗಪ್ಪ ಕಣ್ಣು ಬಿಟ್ಟಾಗ ನಾವಿಬ್ಬರೂ ಮಂಚದ ಹತ್ತಿರವೇ ಇದ್ದೆವು. ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. ತುಟಿಗಳು ಒಣಗಿ ಅಂಟಿಕೊಂಡಿದ್ದವು. ಮೆಲ್ಲಗೆ ಕೇಳಿದ: "ಪಿಚ್ಚರ್ ಬಂತೇನು?"

ಹುಲಿಗೆಮ್ಮ ನಕ್ಕಳೋ ಅತ್ತಳೋ ಹೇಳಲಾರೆ. ಅವನ ಜೀವಕ್ಕೆ ಇನ್ನು ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಕೊಟ್ಟೂರಿಗೆ ಮರಳಿದೆ. ಮನೆಯಲ್ಲಿ ನಮ್ಮತ್ತೆ ಬಾಗಿಲಲ್ಲೇ ಕುಳಿತಿದ್ದರು. ಅವರ ಮಗ ಬಂದಿರಲಿಲ್ಲ.

ಊರು ಅಂದಮೇಲೆ ಬಾಯಿಗಳು ಇದ್ದೇ ಇರುತ್ತವೆ. ಮುಂಬೈ ಕಡೆ ರೈಲು ಹತ್ತಿದ ಅಂತ ಒಬ್ಬರು. ಮೈಲಾರದ ಹತ್ತಿರ ಹೊಳೆಯ ದಂಡೆಯಲ್ಲಿ ಅವನಂಥವನೊಬ್ಬ ಸುಮ್ಮನೆ ನೀರು ನೋಡುತ್ತ ನಿಂತಿದ್ದ ಅಂತ ಇನ್ನೊಬ್ಬರು. ಈ ಎರಡನೆಯ ಮಾತು ಕೇಳಿದವಳೇ ತವರಿಗೆ ಹೋಗಿ ಅಣ್ಣನನ್ನು ಕರೆದುಕೊಂಡು ಮೈಲಾರಕ್ಕೆ ಹೋದೆ. ದಂಡೆಗುಂಟ ನಡೆದೆವು. ನೀರಿನಲ್ಲಿ ತೇಲಿ ಬಂದ ಪ್ರತಿ ಕಟ್ಟಿಗೆಯೂ ಒಂದು ಕ್ಷಣ ಕಟ್ಟಿಗೆಯಾಗಿ ಕಾಣುತ್ತಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೇಳಿದಳು, "ಯಾರನ್ನ ಹುಡುಕಾಕತ್ತಿ ತಂಗಿ?"

"ಮನಿಯವರನ್ನ."

ಅವಳು ಒಗೆಯುವುದನ್ನು ನಿಲ್ಲಿಸಿದಳು. "ಹಂಗಾರ ನೀರಿನ ಕಡಿ ನೋಡಬ್ಯಾಡ. ದಾರಿ ಕಡಿ ನೋಡು" ಅಂದಳು. ಅವಳಿಗೆ ಏನು ಗೊತ್ತಿತ್ತು? ಏನೂ ಇಲ್ಲ. ಆದರೂ ಆ ಮಾತು ಹಿಡಿದುಕೊಂಡೇ ನಾನು ಹಿಂದಿರುಗಿ ಪೊಲೀಸ್ ಠಾಣೆಗೆ ಹೋದೆ.

ಠಾಣೆಯಲ್ಲಿ ನನ್ನ ಓದು ಬರಹವೆಲ್ಲ ಕೈಕೊಟ್ಟಿತು. ಬರೆದುಕೊಳ್ಳುವವರು ಮೊದಲು ಕೇಳಿದ್ದೇ ಗಂಡನ ಹೆಸರು. ನಮ್ಮ ಮನೆತನದಲ್ಲಿ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಮಕ್ಕಳಿಗೆ ಸಮಾನತೆಯ ಪಾಠ ಮಾಡುತ್ತಿದ್ದ ನಾನು ಅಲ್ಲಿ ನಿಂತು, "ಊರ ದೇವರ ಹೆಸರೇರಿ" ಅಂದೆ.

"ಕೊಟ್ರೇಶ ಅನ್ರಿ. ಅರ್ಧ ಊರಿನ ಹೆಸರ ಅದು ಅಕ್ಕೋರ. ಯಾವ ಕೊಟ್ರೇಶ?"

"ಆಂಟೆನಾ…"

"ಓ, ಆಂಟೆನಾ ಕೊಟ್ರೇಶಣ್ಣ!" ಅಂದು ಅವರು ಪೆನ್ನು ಕೆಳಗಿಟ್ಟರು. ಅವರ ಮನೆಯ ಆಂಟೆನಾವನ್ನೂ ನಮ್ಮವರೇ ನಿಲ್ಲಿಸಿದ್ದಂತೆ. ಆಮೇಲೆ ಅಂಗಿಯ ಬಣ್ಣ ಕೇಳಿದರು. ನನಗೆ ನೆನಪಾಗಲಿಲ್ಲ. ಆ ದಿನ ಬೆಳಿಗ್ಗೆ ಅವರ ಅಂಗಿಗೆ ಗುಂಡಿ ಹಚ್ಚಿಕೊಟ್ಟವಳು ನಾನೇ. ಗುಂಡಿ ಕಣ್ಣಿಗೆ ಕಟ್ಟಿದಂತಿತ್ತು, ಅಂಗಿ ಇರಲಿಲ್ಲ.

ಫೋಟೊ ಬೇಕು, ಟೀವಿಯಲ್ಲಿ ಕಾಣೆಯಾದವರ ಪ್ರಕಟಣೆ ಹಾಕಿಸಬಹುದು ಎಂದು ಅವರೇ ಹೇಳಿಕೊಟ್ಟರು. ನಮ್ಮಲ್ಲಿದ್ದದ್ದು ಮದುವೆಯ ಫೋಟೊಗಳು. ಒಂದರಲ್ಲಿ ಬಾಸಿಂಗ ಕಟ್ಟಿಕೊಂಡು ಅವರ ಹಣೆಯೇ ಕಾಣದು. ಇನ್ನೊಂದರಲ್ಲಿ ನನ್ನ ಪಕ್ಕ ಕುಳಿತು, ಫೋಟೊದವನು ನಗಿ ಅಂದದ್ದಕ್ಕೆ ಗಾಬರಿಯಾದಂತೆ ನೋಡುತ್ತಿದ್ದಾರೆ. ಅದನ್ನೇ ಕತ್ತರಿಸಿ ಕೊಟ್ಟೆ. ಎಷ್ಟು ಕತ್ತರಿಸಿದರೂ ನನ್ನ ಒಂದು ಭುಜ, ಧಾರೆ ಸೀರೆಯ ಅಂಚು ಅವರ ಪಕ್ಕದಲ್ಲಿ ಉಳಿದುಕೊಂಡಿತು. ಇನ್ನೂ ಕತ್ತರಿಸಿದರೆ ಅವರ ಕಿವಿ ಹೋಗುತ್ತಿತ್ತು. ಅವನು ಸತ್ತನೆಂದು ಹೆದರಿ ಓಡಿರಬಹುದು ಅನ್ನಿಸಿ, ದುರುಗಪ್ಪ ಬದುಕಿದ್ದಾನೆ ಅನ್ನುವ ಮಾತನ್ನೂ ಪ್ರಕಟಣೆಯಲ್ಲಿ ಸೇರಿಸಿ ಎಂದು ಕೇಳಿಕೊಂಡೆ. "ಬರದು ಕಳಿಸ್ತೀವಿ ಅಕ್ಕೋರ, ಓದ್ತಾರೋ ಇಲ್ಲೋ ನಮ್ಮ ಕೈಯಾಗಿಲ್ಲ" ಅಂದರು. ಯಾವ ದಿನ ಹಾಕುತ್ತಾರೆ ಎನ್ನುವುದೂ ಅವರಿಗೆ ತಿಳಿಯದು.

ಅಂದರೆ ದಿನವೂ ನೋಡಬೇಕು. ಮೊದಮೊದಲು ಅತ್ತೆಯೂ ನಾನೂ ಓಣಿಯ ಒಬ್ಬರ ಮನೆಗೆ ಹೋಗುತ್ತಿದ್ದೆವು. ನಮ್ಮನ್ನು ಕಂಡರೆ ಅವರ ನಗು ನಿಲ್ಲುತ್ತಿತ್ತು. ಹಾಡು ಬರುತ್ತಿದ್ದರೆ ಸದ್ದು ತಗ್ಗಿಸುತ್ತಿದ್ದರು. ಸಾವಿನ ಮನೆಗೆ ಬಂದವರಿಗೆ ಕೊಡುವಂತೆ ನೀರು ತಂದುಕೊಡುತ್ತಿದ್ದರು. ನಮ್ಮತ್ತೆ ಒಂದು ಸಂಜೆ ಆ ನೀರನ್ನು ಮುಟ್ಟದೆ ಎದ್ದು ಬಂದರು. "ನನ್ನ ಮಗ ಸತ್ತಿಲ್ಲ. ಅವರ ಮನ್ಯಾಗ ಕುಂತ್ರ ಸತ್ತಂಗ ಅನಸ್ತೈತಿ" ಅಂದರು.

ಅಷ್ಟರಲ್ಲಿ ದುರುಗಪ್ಪ ಊರಿಗೆ ಮರಳಿದ್ದ. ಕೈಗೆ ಇನ್ನೂ ಪಟ್ಟಿ. ಸುದ್ದಿ ಕೇಳಿದವನೇ ಹುಲಿಗೆಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. "ಅಂಗಡ್ಯಾಗ ಸೆಟ್ ಅದಾವಲ್ರಿ ಅಕ್ಕೋರ. ಒಂದನ್ನ ಸುದ್ದ ಮಾಡ್ತೀನಿ, ಎಡಗೈ ಐತಲ್ಲ. ಆದ್ರ ಆಂಟೆನಾ ಏರಿಸಾಕ ನನ್ನ ಕೈಲೆ ಆಗಂಗಿಲ್ಲ."

"ಯಾರನ್ನಾದರೂ ಕರೆಸೋಣ" ಅಂದೆ.

"ಯಾರನ್ನ? ಈ ಊರಾಗ ಅದನ್ನ ಮಾಡೋರು ಇಬ್ಬರ ಇದ್ವಿ. ಒಬ್ಬ ಇಲ್ಲಿ ಅದೀನಿ, ಇನ್ನೊಬ್ಬನ್ನ ಹುಡುಕಾಕತ್ತೀವಿ."

ಆಗ ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ ಅಕ್ಕೋರ, ನಾವ ಏರಸೂಣು" ಅಂದಳು.

ನಾನು ಅವಳ ಮುಖವನ್ನೇ ನೋಡಿದೆ. ಅವಳ ಗಂಡನನ್ನು ಸಾವಿನ ಬಾಗಿಲಿಗೆ ಒಯ್ದದ್ದೇ ಅಂಥದೊಂದು ಕಂಬ. ಅದು ಅವಳಿಗೂ ಅರ್ಥವಾಯಿತು. "ಅವನು ಬರ್ಲಿ ಅಕ್ಕೋರ. ನಾಕು ಮಂದಿ ಮುಂದ ನಿಲ್ಲಿಸಿ ಬೈತೀನಿ. ಬೈಯಾಕರ ಮನುಷ್ಯ ಬೇಕಲ್ಲ?"

ದುರುಗಪ್ಪ ಕಬ್ಬಿಣದ ಪೈಪು ಮುಟ್ಟಲು ಬಿಡಲಿಲ್ಲ. ಬಿದಿರಿನ ಉದ್ದದ ಗಳ ತರಿಸಿದ. ನಮ್ಮದು ಮಣ್ಣಿನ ಮಾಳಿಗೆಯ ಮನೆ, ನಡುವೆ ಬೆಳಕಿಗೊಂದು ಕಿಂಡಿ. ನಿಚ್ಚಣಿಕೆ ಹತ್ತಿ ಇಬ್ಬರು ಹೆಂಗಸರು ಮಾಳಿಗೆಯ ಮೇಲೆ ನಿಂತಾಗ ಓಣಿಯ ಬಾಗಿಲುಗಳೆಲ್ಲ ತೆರೆದವು. ವಿದ್ಯುತ್ ತಂತಿ ರಸ್ತೆಯ ಆಚೆ ಬದಿಗಿತ್ತು. ದುರುಗಪ್ಪ ಅಂಗಳದಲ್ಲಿ ನಿಂತು ತಂತಿಗೂ ನಮಗೂ ನಡುವಿನ ದೂರವನ್ನು ಕಣ್ಣಲ್ಲೇ ಮತ್ತೆ ಮತ್ತೆ ಅಳೆಯುತ್ತಿದ್ದ. "ಈ ಕಡಿ ವಾಲಿಸ್ರಿ. ಆ ಕಡಿ ಬ್ಯಾಡ, ಆ ಕಡಿ ಬ್ಯಾಡ ಅಂದ್ನಿ!" ಅವನ ದನಿ ಒಡೆಯುತ್ತಿತ್ತು. ಹುಲಿಗೆಮ್ಮ ಗಳದ ಬುಡ ಹಿಡಿದಿದ್ದಳು. ನಾನು ನಡು ಹಿಡಿದು ಅವನು ಹೇಳಿದ ಕಡೆ ವಾಲಿಸುತ್ತಿದ್ದೆ. ಹೇಗೋ ಗಳ ನಿಂತಿತು. ಮೂರು ಕಡೆ ಹಗ್ಗ ಬಿಗಿದೆವು.

ಆಮೇಲೆ ತಿರುಗಿಸುವ ಕೆಲಸ. ಟೀವಿಯ ಮುಂದೆ ನಮ್ಮತ್ತೆ. ಕಿಂಡಿಯ ಕೆಳಗೆ ನಿಂತು ದುರುಗಪ್ಪ ಕೇಳುತ್ತಿದ್ದ, "ಏನ್ ಕಾಣ್ತೈತಿ ಯವ್ವಾ?"

"ಉಪ್ಪು ಚೆಲ್ಲಿದಂಗ ಆಗೈತಿ."

ನಾವು ಸ್ವಲ್ಪ ತಿರುಗಿಸಿದೆವು.

"ಈಗ?"

"ಜ್ವಾಳ ತೂರಿದಂಗ."

"ಈಗ?"

"ಒಬ್ಬ ಮನುಷ್ಯ ಬಂದ. ಎಲ್ಲೀ ಒಬ್ಬ, ಇಬ್ಬರಾಗ್ಯಾರಲ್ಲ! ಅವನ ಹಿಂದ ಅವನ ನಿಂತಾನ!"

ಮೇಲೆ ನಾವಿಬ್ಬರೂ ನಕ್ಕುಬಿಟ್ಟೆವು. ಎಷ್ಟು ದಿನಗಳ ಮೇಲೆ ನಕ್ಕೆವೋ. ನಕ್ಕದ್ದಕ್ಕೆ ನನಗೇ ಹೆದರಿಕೆಯಾಗಿ ಸುತ್ತ ನೋಡಿದೆ.

ದಿನವೂ ಸಂಜೆ ನಾಲ್ವರೂ ಟೀವಿಯ ಮುಂದೆ ಕೂರುತ್ತಿದ್ದೆವು. ಕಾಣೆಯಾದವರ ಮುಖಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಸಮವಸ್ತ್ರದ ಹುಡುಗಿ, ತಲೆ ಬೋಳಿಸಿದ ಮುದುಕ, ಮಾತು ಬಾರದ ಹೆಂಗಸು. ನಮ್ಮವರ ಮುಖ ಬರಲಿಲ್ಲವೆಂಬ ಸಂಕಟದ ಜೊತೆಗೆ, ಅಷ್ಟೊಂದು ಮನೆಗಳಲ್ಲಿ ಅಷ್ಟೊಂದು ಜನ ನಮ್ಮ ಹಾಗೆ ಕುಳಿತಿದ್ದಾರಲ್ಲ ಎನ್ನುವುದು ನನ್ನನ್ನು ಇನ್ನಷ್ಟು ಕುಗ್ಗಿಸುತ್ತಿತ್ತು.

ಪ್ರಕಟಣೆ ಬಂದ ಸಂಜೆ ಗಾಳಿ ಜೋರಿತ್ತು. ಹಗ್ಗವೊಂದು ಸಡಿಲಾಗಿ ಗಳ ವಾಲಿ, ಪರದೆಯ ತುಂಬ ಉಪ್ಪು ಚೆಲ್ಲಿತು. ನಾನು ಓಡಿ ನಿಚ್ಚಣಿಕೆ ಹತ್ತಿದೆ. ಗಳವನ್ನು ಎರಡೂ ಕೈಯಲ್ಲಿ ತಬ್ಬಿ ನೆಟ್ಟಗೆ ಮಾಡಿದೆ. "ಬಂತು ಬಂತು, ಅಲ್ಲೇ ಇರ್ರಿ!" ಎಂದು ಕೆಳಗಿನಿಂದ ದುರುಗಪ್ಪ ಕೂಗಿದ. ಆ ಹೊತ್ತಿಗೇ ಕಿಂಡಿಯೊಳಗಿಂದ ಆ ದನಿ ಮೇಲೆ ಬಂತು. ಟೀವಿಯವರ ನುಣುಪಾದ ದನಿ. ನಮ್ಮವರ ಹೆಸರನ್ನು, ನಾನು ಯಾವತ್ತೂ ಹೇಳದ ಆ ಹೆಸರನ್ನು, ಸ್ಪಷ್ಟವಾಗಿ ಹೇಳಿತು. ಸಾಧಾರಣ ಎತ್ತರ, ಗೋಧಿ ಬಣ್ಣ, ಕನ್ನಡ ಮಾತನಾಡುತ್ತಾರೆ ಅಂದಿತು.

"ನನ್ನ ಮಗ! ಅಯ್ಯೋ ನನ್ನ ಮಗ ಬಂದಾನ!" ಅತ್ತೆಯ ಕೂಗು.

ನಾನು ಗಳ ಬಿಡಲು ಹೋದೆ. "ಅಲುಗಾಡಬ್ಯಾಡ್ರಿ ಅಕ್ಕೋರ! ಬಿಟ್ರ ಹೋಗ್ತಾನ!" ಎಂದು ದುರುಗಪ್ಪ ಚೀರಿದ.

ನಾನು ಅಲುಗಾಡಲಿಲ್ಲ. ಕೆಳಗೆ ಎಲ್ಲರೂ ನೋಡುತ್ತಿದ್ದ ಮುಖವನ್ನು ನಾನೊಬ್ಬಳೇ ನೋಡುವಂತಿರಲಿಲ್ಲ. ನಾನು ಹಿಡಿದು ನಿಂತಿದ್ದರಿಂದಲೇ ಅದು ಅವರಿಗೆ ಕಾಣುತ್ತಿತ್ತು. ಕಣ್ಣೆತ್ತಿದೆ. ಹೊತ್ತು ಮುಳುಗುತ್ತಿದ್ದ ಬೆಳಕಿನಲ್ಲಿ ಊರಿನ ಮಾಳಿಗೆಗಳ ಮೇಲೆಲ್ಲ ಆಂಟೆನಾಗಳು. ಎಲ್ಲವನ್ನೂ ಅವರಿಬ್ಬರೇ ನಿಲ್ಲಿಸಿದ್ದು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಆ ಒಂದೊಂದರ ಕೆಳಗೂ ಈಗ ನಮ್ಮವರ ಗಾಬರಿ ಮುಖ ಇದೆ, ಪಕ್ಕದಲ್ಲಿ ನನ್ನ ಭುಜ ಇದೆ ಅನ್ನಿಸಿತು. ಇಷ್ಟು ವರ್ಷ ಅವರು ನಿಂತಿದ್ದ ಜಾಗ ಇದು, ಇಲ್ಲಿಂದ ಏನೂ ಕಾಣುವುದಿಲ್ಲ ಎಂದು ಮೊದಲ ಸಲ ತಿಳಿಯಿತು. ಅಲ್ಲಿಯವರೆಗೆ ಅವರ ಮೇಲೆ ಉಕ್ಕಿ ಬರುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ, ಗಳಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ.

ದುರುಗಪ್ಪನ ವಿಷಯವನ್ನು ಪ್ರಕಟಣೆಯಲ್ಲಿ ಓದಲೇ ಇಲ್ಲ ಎಂದು ಆಮೇಲೆ ತಿಳಿಯಿತು. ಹಾಗಿದ್ದರೆ ಅವರು ನೋಡಿದರೂ, ಪೊಲೀಸರು ಹಿಡಿಯಲು ಹುಡುಕುತ್ತಿದ್ದಾರೆ ಎಂದು ಇನ್ನೂ ದೂರ ಓಡಬಹುದಲ್ಲವೇ? ಈ ಯೋಚನೆ ಬಂದ ಮೇಲೆ ನನಗೆ ಪ್ರಕಟಣೆ ಹಾಕಿಸಿದ್ದೇ ತಪ್ಪಾಯಿತೇನೋ ಅನ್ನಿಸತೊಡಗಿತು.

ಠಾಣೆಯಿಂದ ಮನುಷ್ಯ ಬಂದಾಗ ನಾನು ಶಾಲೆಯಲ್ಲಿದ್ದೆ. ಅವನು ದೂರದಿಂದ ನಡೆದು ಬರುವುದನ್ನು ಕಂಡು, ಒಳ್ಳೆಯ ಸುದ್ದಿ ತರುವವನು ಹೀಗೆ ನಿಧಾನ ನಡೆಯುತ್ತಾನೆಯೇ ಎಂದು ಅವನ ಕಾಲನ್ನೇ ನೋಡುತ್ತ ನಿಂತೆ. ಅವನಿಗೆ ಕಾಲಿನಲ್ಲಿ ಆಣಿಯಂತೆ. "ಸಿಂಧನೂರಾಗ ಸಿಕ್ಕಾರ್ರಿ ಅಕ್ಕೋರ" ಅಂದ.

ಸಿಂಧನೂರಿನ ಆಚೆ, ಭತ್ತದ ಗದ್ದೆಗಳ ನಡುವೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ. ಅಂಥದೊಂದು ಕ್ಯಾಂಪಿಗೆ ದುರುಗಪ್ಪನೂ ನಾನೂ ಹೋದೆವು. ಬಸ್ಸಿನಲ್ಲಿ ನಾನು ಅವನನ್ನು ಕೇಳಿದ್ದು ಒಂದೇ: "ನಾವು ಹೋಗೋದರೊಳಗೆ ಮತ್ತೆ ಎಲ್ಲಿಗಾದರೂ ಹೋಗಿಬಿಟ್ಟರೆ?" ಅವನು ಹೇಳಿದ್ದೂ ಒಂದೇ: "ಕಿಟಕ್ಯಾಗ ನೋಡ್ರಿ ಅಕ್ಕೋರ, ಗದ್ದಿ ಎಷ್ಟು ಹಸರ ಅದಾವ."

ನಡೆದದ್ದನ್ನು, ಅವರನ್ನು ಗುರುತಿಸಿ ಠಾಣೆಗೆ ತಿಳಿಸಿದ್ದ ಮನೆಯ ಸತ್ಯವತಮ್ಮ ಹೇಳಿದರು. ನಮ್ಮವರು ಸಿಂಧನೂರಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತು, ಕ್ಯಾಂಪುಗಳಲ್ಲಿ ಆಂಟೆನಾ ಏರಿಸುತ್ತಿದ್ದರಂತೆ. ಓಡಿ ಹೋದವರಿಗೂ ಹೊಟ್ಟೆ ಇರುತ್ತದೆ, ಕೈಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಆ ಸಂಜೆ ಅವರು ಸತ್ಯವತಮ್ಮನ ಮನೆಯ ಮೇಲಿದ್ದರು. ಸತ್ಯವತಮ್ಮ ಕೆಳಗೆ ಕುಳಿತು ಬಂತು ಹೋಯ್ತು ಹೇಳುತ್ತಿದ್ದರು. ಚಿತ್ರ ಸ್ವಚ್ಛವಾಗಿ ನಿಂತಿತು. ನಿಂತ ಚಿತ್ರದಲ್ಲಿ ಮೇಲೆ ಹತ್ತಿದವನ ಮುಖವೇ ಇತ್ತು. ಪವಾಡ ಅನ್ನಬೇಡಿ. ಪ್ರಸಾರದ ಹೊತ್ತಿನಲ್ಲಿ ಅವರು ಯಾರದಾದರೂ ಮನೆಯ ಮೇಲೆ ಇರಲೇಬೇಕು, ಕೆಳಗೆ ಯಾರಾದರೂ ಪರದೆ ನೋಡುತ್ತಿರಲೇಬೇಕು. ಅವರ ಕಸುಬೇ ಅವರನ್ನು ಹಿಡಿದುಕೊಟ್ಟಿತು.

"ನಾನು ಕೂಗಲಿಲ್ಲಮ್ಮಾ" ಅಂದರು ಸತ್ಯವತಮ್ಮ. "ಕೂಗಿದ್ರೆ ಗಾಬರಿಯಾಗಿ ಬಿದ್ದುಬಿಟ್ರೆ? 'ಇನ್ನೂ ಸರಿಯಾಗಿ ಬರ್ಲಿಲ್ಲ, ಅಲ್ಲೇ ಇರಯ್ಯಾ' ಅಂತ ಹೇಳಿ, ನಮ್ಮ ಯಜಮಾನ್ರಿಗೆ ಹೇಳಿ ಮೊದ್ಲು ಏಣಿ ತೆಗಿಸಿಬಿಟ್ಟೆ."

ಏಣಿ ತೆಗೆದ ಮೇಲೆ ಅಂಗಳದಲ್ಲಿ ನಿಂತು ವಿಷಯ ಹೇಳಿದರಂತೆ. ಇವರು ಮಾಳಿಗೆಯ ಮೇಲೆಯೇ ಕುಸಿದು ಕುಳಿತರಂತೆ. ಪೊಲೀಸರು ಹುಡುಕುತ್ತಿದ್ದಾರೆ, ನನ್ನಿಂದ ಒಬ್ಬ ಸತ್ತ, ನನ್ನನ್ನು ಬಿಟ್ಟುಬಿಡಿ ಎಂದು ಕೈಮುಗಿದರಂತೆ.

"ಆಗ ನಾನು ಕೇಳಿದೆ. ಕೊಲೆ ಮಾಡಿದವನನ್ನ ಹುಡುಕೋಕೆ ಪೊಲೀಸರು ಮದುವೆ ಫೋಟೊ ಹಾಕ್ತಾರೇನಯ್ಯಾ? ಪಕ್ಕದಲ್ಲಿ ಹೆಂಡ್ತಿ ಸೀರೆ ಅಂಚು ಕಾಣ್ತಾ ಐತೆ. ಹಿಡಿಯೋಕೆ ಅಲ್ಲ, ಕರಿಯೋಕೆ ಹಾಕಿರೋದು. ಅಷ್ಟು ಹೇಳಿದ ಮೇಲೆ ಅತ್ತ ನೋಡಮ್ಮಾ, ಚಿಕ್ಕ ಮಗು ಅತ್ತಂಗೆ ಅತ್ತ."

ನಾವು ಹೋದಾಗ ಅವರು ಹಿತ್ತಲಲ್ಲಿ ಸಗಣಿ ಕುಳ್ಳು ಒಟ್ಟಿದ ಕಡೆ ಕುಳಿತಿದ್ದರು. ಗಡ್ಡ ಬಂದಿತ್ತು. ನನ್ನನ್ನು ನೋಡಲಿಲ್ಲ. ದುರುಗಪ್ಪನನ್ನು ನೋಡಿದರು, ಅವನ ಮುಖವನ್ನಲ್ಲ, ಕೈಯನ್ನು. ಎದ್ದು ಬಂದು ಆ ಪಟ್ಟಿಯನ್ನು ಒಂದು ಬೆರಳಿನಿಂದ ಮುಟ್ಟಿದರು.

"ನೀ ಹೋದಿ ಅಂದ್ರಲ್ಲೋ."

"ಯಾರಂದ್ರಲೇ?"

ಆಗ ತಿಳಿಯಿತು. ಹರಪನಹಳ್ಳಿ ಆಸ್ಪತ್ರೆಯಲ್ಲಿ ದುರುಗಪ್ಪನನ್ನು ಮಲಗಿಸಿ, ನಮಗೆ ಸುದ್ದಿ ಕಳಿಸಲು ಇವರು ಬಸ್ ನಿಲ್ದಾಣಕ್ಕೆ ಓಡಿದ್ದರು. ಮರಳಿ ಬಂದು ನೋಡಿದರೆ ಮಂಚ ಖಾಲಿ. ನೆಲ ಒರೆಸುತ್ತಿದ್ದವಳನ್ನು ಕೇಳಿದರು, ಇಲ್ಲಿ ಕರೆಂಟ್ ಹೊಡೆದವನೊಬ್ಬ ಇದ್ದನಲ್ಲ? ಅವಳು ತಲೆ ಎತ್ತದೆ, "ಅವನಾ? ಹೋದ" ಅಂದಳು. ಅಷ್ಟೇ. ಇನ್ನೊಬ್ಬರನ್ನು ಕೇಳುವ ಧೈರ್ಯ ಇವರಿಗೆ ಬರಲಿಲ್ಲ. ಹುಲಿಗೆಮ್ಮನ ಮುಖ ನೆನಪಾಯಿತು. ಹೊರಗೆ ನಿಂತಿದ್ದ ಯಾವುದೋ ಬಸ್ಸು ಹತ್ತಿದರು.

ದುರುಗಪ್ಪ ಅವರನ್ನು ನೋಡುತ್ತಲೇ ಇದ್ದ. "ಹೌದಲೇ, ಹೋಗಿದ್ದೆ" ಅಂದ. "ದಾವಣಗೇರಿಗೆ."

ಅವರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕ ನಗು ಹೇಗಿತ್ತೆಂದರೆ, ಸತ್ಯವತಮ್ಮ ಬಾಗಿಲ ಮರೆಗೆ ಹೋಗಿ ಕಣ್ಣೊರೆಸಿಕೊಂಡರು.

ಬಸ್ಸಿನಲ್ಲಿ ಅವರು ನನ್ನ ಪಕ್ಕ ಕುಳಿತರು. ತುಂಬ ದೂರ ಬಂದ ಮೇಲೆ, "ನಿನಗ ಹೆಂಗ ಮುಖ ತೋರಿಸ್ಲಿ ಅನಸ್ತಿತ್ತು" ಅಂದರು. "ರಾಜ್ಯಕ್ಕೆಲ್ಲ ತೋರಿಸಿದ್ದೀರಿ, ನನಗೊಬ್ಬಳಿಗೆ ಏನು ನಾಚಿಕೆ" ಅಂದೆ. ಹೇಳಿದ ಮೇಲೆ ಅತ್ತುಬಿಟ್ಟೆ. ಆಮೇಲೆ ಅವರ ತೋಳು ಹಿಡಿದುಕೊಂಡೇ ಊರು ಮುಟ್ಟುವವರೆಗೆ ಕುಳಿತಿದ್ದೆ, ಪೊಲೀಸರು ಕಳ್ಳನನ್ನು ಹಿಡಿದುಕೊಂಡು ಬರುವಂತೆ. ಹುಲಿಗೆಮ್ಮ ಮಾತು ತಪ್ಪಲಿಲ್ಲ. ಓಣಿಯ ನಡುವೆ ನಿಲ್ಲಿಸಿ, ಏಳು ತಲೆಮಾರು ಎಣಿಸಿ ಬೈದಳು. ಇವರು ತಲೆ ತಗ್ಗಿಸಿ ನಿಂತಿದ್ದರು. ಬೈದು ದಣಿದ ಮೇಲೆ, "ಕೈಕಾಲು ತೊಳಕೋ ಹೋಗು. ರೊಟ್ಟಿ ಬಡದೀನಿ" ಅಂದಳು.

ದುರುಗಪ್ಪನ ಬಲಗೈಯ ಎರಡು ಬೆರಳು ಕೊನೆಗೂ ಮಡಚಲಿಲ್ಲ. ಮುಂದೆ ಅವನಿಗೆ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್ ಕೆಲಸವಾಯಿತು. ಈಗ ನಿವೃತ್ತಿಯಾಗಿ ಮಗಳ ಮನೆಯಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿದ್ದಾನೆ. ಹಬ್ಬಕ್ಕೆ ಗಂಡ ಹೆಂಡತಿ ಬಂದೇ ಬರುತ್ತಾರೆ. ನಮ್ಮವರು ಇನ್ನೂ ಹಲವು ವರ್ಷ ಆಂಟೆನಾ ಏರಿಸಿದರು. ಕೇಬಲ್ ಬಂತು, ಬೋಗುಣಿಯಂಥ ಡಿಶ್ಶುಗಳು ಬಂದವು, ಗಾಳಿಯಲ್ಲಿ ಬರುತ್ತಿದ್ದ ಆ ಪ್ರಸಾರವೂ ನಿಂತುಹೋಯಿತು. ಕಡ್ಡಿಗಳು ಗುಜರಿಗೆ ಹೋದವು.

ನನಗೆ ಉಳಿದದ್ದು ಒಂದು ಚಾಳಿ. ಅವರು ಚಪ್ಪಲಿಯಲ್ಲಿ ಕಾಲಿಟ್ಟರೆ ಸಾಕು, ಎಲ್ಲಿದ್ದರೂ ಅಲ್ಲಿಂದಲೇ ಕೇಳುತ್ತೇನೆ: "ಎಲ್ಲಿಗೆ? ಯಾವಾಗ ಬರ್ತೀರಿ?" ಹಾಲಿಗೆ ಹೊರಟರೂ ಕೇಳುತ್ತೇನೆ, ಕ್ಷೌರಕ್ಕೆ ಹೊರಟರೂ ಕೇಳುತ್ತೇನೆ. ಮಗ ಸೊಸೆ ನಗುತ್ತಾರೆ. ಅವರು ಒಮ್ಮೊಮ್ಮೆ ಸಿಡುಕುತ್ತಾರೆ, "ಎಲ್ಲಿಗೆ ಹೋಗ್ತೀನಿ ಈ ವಯಸ್ಸಿನ್ಯಾಗ" ಅಂತ. ಆದರೂ ಉತ್ತರ ಹೇಳದೆ ಹೊಸಿಲು ದಾಟಿದವರಲ್ಲ. ಎಷ್ಟು ವರ್ಷವಾದರೂ ಆ ಭಯ ತಗ್ಗದು, ಸಾಯುವವರೆಗೆ ಇದು ಹೀಗೇ ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ.

ತಿಂಡಿ ಮುಗಿಸಿ ಇದನ್ನೆಲ್ಲ ಬರೆಯಲು ಕುಳಿತೆ. ಬರೆಯುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಈಗ ಬಾಗಿಲಲ್ಲಿ ನೆರಳು ಬಿದ್ದಂತಾಗಿ ತಲೆ ಎತ್ತಿದರೆ ನಮ್ಮವರು, ಬೆವರಿದ್ದಾರೆ, ಕೈಯಲ್ಲಿ ತರಕಾರಿ ಚೀಲ. ಯಾವಾಗ ಹೋದರೋ ನನಗೆ ಗೊತ್ತಿಲ್ಲ. ಒಳಗೆ ಬಾರದೆ ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಾರೆ.

"ಯಾಕ, ಆರಾಮ ಇಲ್ಲೇನು?"

"ಇದ್ದೀನಲ್ಲ. ಯಾಕೆ?"

"ಎಲ್ಲಿಗೆ ಅಂತ ಕೇಳಲಿಲ್ಲ. ಚಪ್ಪಲಿ ಹಾಕ್ಕೊಂಡು ಎಷ್ಟೊತ್ತು ನಿಂತೆ. ಸಂತ್ಯಾಗ ಮನಸ್ಸು ನಿಲ್ಲಲಿಲ್ಲ, ಅರ್ಧ ಸಾಮಾನು ಬಿಟ್ಟು ಬಂದೆ."

"ಕೇಳದಿದ್ರೆ ಬರೋದಿಲ್ಲೇನು?"

ಅವರು ಚೀಲ ಕೆಳಗಿಟ್ಟರು.

"ಬರ್ತೀನಿ. ಆದ್ರೂ ಕೇಳು."